ಮಳೆಗೊಂದು, ಚಳಿಗೊಂದು ಸೈಕಲ್ ಶೂ: ಕರಾವಳಿಯ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ಕೊನೆಗೆ ನಾಲ್ಕು ಹನಿ ಬಿದ್ದರೆ ಸಾಕು, ಸೈಕಲ್ ತುಳಿಯುವ ಗೆಳೆಯರ ಪ್ರಶ್ನೆ ಶುರುವಾಗುತ್ತದೆ: ಈ ಸಲ ಯಾವ ಶೂ? ಮಳೆ ಬಿಡುವ ಹೊತ್ತಿಗೆ ಇನ್ನೊಂದು ಗುಂಪು ಬರುತ್ತದೆ. ಊಟಿಗೆ, ಲೇಹ್‌ಗೆ ಹೊರಟವರು. ಮಗ ಜರ್ಮನಿಗೆ ಓದಲು ಹೋಗಿದ್ದಾನೆ, ಅಲ್ಲಿ ಸೈಕಲಿನಲ್ಲೇ ಓಡಾಡುತ್ತಾನಂತೆ ಎನ್ನುವ ಅಪ್ಪಂದಿರು. ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಶೂ ವ್ಯಾಪಾರಿಯಲ್ಲ. ಸುರತ್ಕಲ್‌ನಿಂದ ಮಂಗಳೂರಿಗೆ ಕೆಲಸಕ್ಕೆ ಸೈಕಲಿನಲ್ಲಿ ಹೋಗಿ ಬರುವವನು, ರಜೆ ಸಿಕ್ಕಿದರೆ ಘಾಟಿ ಹತ್ತುವವನು. ಇಷ್ಟು ವರ್ಷದಲ್ಲಿ ಎಷ್ಟು ಜೊತೆ ಶೂ ಹಾಳು ಮಾಡಿದ್ದೇನೆ ಎಂಬ ಲೆಕ್ಕ ನನ್ನ ಹತ್ತಿರ ಇಲ್ಲ, ಹೆಂಡತಿ ಹತ್ತಿರ ಇದೆ.

ಮಳೆಗಾಲಕ್ಕೆ ವಾಟರ್‌ಪ್ರೂಫ್ ಶೂ ತೆಗೆದುಕೊಂಡರೆ ಕಾಲು ಒಣಗಿರುತ್ತದೆ, ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಜರ್ಮನಿಯಲ್ಲಿರುವ ತಂಗಿ ಒಮ್ಮೆ ಊರಿಗೆ ಬರುವಾಗ ನನಗೆಂದು ಒಂದು ಜೊತೆ ವಿಂಟರ್ ಸೈಕ್ಲಿಂಗ್ ಶೂ ತಂದಳು. ಕಣಕಾಲು ಮುಚ್ಚುವ ಎತ್ತರ, ಒಳಗೆ ಮೆತ್ತನೆಯ ಉಣ್ಣೆಯಂಥ ಅಸ್ತರಿ, ನೀರು ಬಿಡದ ಪೊರೆ. ಜುಲೈಯಲ್ಲಿ ಒಂದು ದಿನ ಅದನ್ನೇ ಹಾಕಿ ಕೆಲಸಕ್ಕೆ ಹೊರಟೆ. ಪಣಂಬೂರು ದಾಟುವಷ್ಟರಲ್ಲಿ ಬೆವರಿನಿಂದಲೇ ಸಾಕ್ಸ್ ಒದ್ದೆ. ಕೂಳೂರು ಸೇತುವೆ ಹತ್ತಿರ ಧೋ ಎಂದು ಸುರಿಯಿತು. ಮೊಣಕಾಲಿನಿಂದ ಇಳಿದ ನೀರು ಸೀದಾ ಶೂ ಒಳಗೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ, ಯಾಕೆಂದರೆ ಶೂ ವಾಟರ್‌ಪ್ರೂಫ್! ಆಫೀಸಿನ ಮೆಟ್ಟಿಲ ಮೇಲೆ ಕೂತು ಶೂ ಬೋರಲು ಹಾಕಿದೆ. ಬಿದ್ದ ನೀರನ್ನು ಒಂದು ಬಸಳೆ ಬುಡಕ್ಕೆ ಹೊಯ್ಯಬಹುದಿತ್ತು.

ಇದರಲ್ಲಿ ಶೂವಿನ ತಪ್ಪೇನಿಲ್ಲ. ಗೋರ್‌ಟೆಕ್ಸ್‌ನಂಥ ಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ನೀರಿನ ಹನಿ ಅದರಲ್ಲಿ ತೂರಲಾರದು, ಆವಿ ತೂರುತ್ತದೆ. ಬಾಬ್ ಗೋರ್ ಎಂಬಾತ 1969ರಲ್ಲಿ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಗಕ್ಕನೆ ಎಳೆದಾಗ ಸಿಕ್ಕಿದ ವಸ್ತು ಅದು. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಯುರೋಪಿನ 5 ಡಿಗ್ರಿ ಚಳಿಯಲ್ಲಿ ಗಾಳಿಗೆ ನೀರು ಹಿಡಿದಿಡುವ ಶಕ್ತಿಯೇ ಕಡಿಮೆ. ಹಾಗಾಗಿ ಬೆಚ್ಚಗಿನ ಶೂ ಒಳಗಿನ ಆವಿ ಸಲೀಸಾಗಿ ಹೊರಬೀಳುತ್ತದೆ. ನಮ್ಮ ಜುಲೈ ಹೇಗಿದೆ? 26 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡಾ 90ರ ಆಸುಪಾಸು. ಹಗ್ಗದ ಮೇಲೆ ಹಾಕಿದ ಬನಿಯನ್ನೇ ಮೂರು ದಿನ ಒಣಗುವುದಿಲ್ಲ, ಇನ್ನು ಶೂ ಒಳಗಿನ ಬೆವರು ಎಲ್ಲಿಗೆ ಹೋಗಬೇಕು?

ಹಾಗಾಗಿ ಊರಿನ ಮಳೆಗೆ ನನ್ನ ಉತ್ತರ: ನೀರು ಒಳಗೆ ಬರದಂತೆ ತಡೆಯುವ ಶೂ ಬೇಡ, ಬಂದ ನೀರನ್ನು ಬೇಗ ಹೊರಗೆ ಬಿಡುವ ಶೂ ಬೇಕು. ಚಳಿಯ ಜಾಗಕ್ಕೆ ಹೋದಿರೋ, ಈ ಮಾತು ಪೂರಾ ತಿರುಗಿ ಬೀಳುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ಇಲ್ಲಿನ ಮಳೆಗೆ ಏನು ಹಾಕುವುದು?

ಜಾಳಿಗೆ ಬಟ್ಟೆಯ ಮೇಲ್ಭಾಗ, ತೆಳ್ಳಗಿನ ಅಸ್ತರಿ, ಅಡಿಯಲ್ಲಿ ಅಥವಾ ಬದಿಯಲ್ಲಿ ನೀರು ಇಳಿಯುವ ತೂತು. ಇಂಥ ಶೂ ಒದ್ದೆಯಾಗಲು ಒಂದು ನಿಮಿಷ ಸಾಕು, ಆದರೆ ನಾಲ್ಕು ಸಲ ಪೆಡಲ್ ತುಳಿದರೆ ನೀರು ಪಿಚಕ್ಕೆಂದು ಹೊರಗೆ. ಬೇಸಿಗೆಗೆಂದು ಮಾರುವ ಅಗ್ಗದ ಸೈಕ್ಲಿಂಗ್ ಶೂಗಳೇ ನಮ್ಮ ಮಳೆಗಾಲಕ್ಕೆ ಚೆನ್ನಾಗಿ ಹೊಂದುತ್ತವೆ. ತಮಾಷೆ ಅಲ್ವಾ? ಒಳಗೆ ದಪ್ಪ ಸ್ಪಂಜಿನ ಮೆತ್ತೆ ಇರುವ ಶೂ ಮಾತ್ರ ಬೇಡ. ಅದು ನೀರು ಕುಡಿದು ಭಾರವಾಗುತ್ತದೆ, ಮರುದಿನಕ್ಕೂ ಒಣಗುವುದಿಲ್ಲ.

ಅದಕ್ಕಿಂತಲೂ ಒಳ್ಳೆಯದು ಸ್ಯಾಂಡಲ್. ಹಿಂದೆ ಪಟ್ಟಿ ಇರುವ, ಅಡಿ ಗಟ್ಟಿ ಇರುವ ಸ್ಯಾಂಡಲ್. ಕ್ಲೀಟ್, ಅಂದರೆ ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡು, ಕೂರಿಸಬಹುದಾದ ಸೈಕ್ಲಿಂಗ್ ಸ್ಯಾಂಡಲ್ ಕೂಡ ಇದೆ. ಶಿಮಾನೋ ಕಂಪನಿಯ ಎಸ್‌ಡಿ501 ಅಂಥದ್ದು. ನೋಡಲು ಚಂದವಿಲ್ಲ, ಒಪ್ಪುತ್ತೇನೆ. ಮಳೆಯಲ್ಲಿ ಯಾರು ನೋಡುತ್ತಾರೆ?

ನಮ್ಮ ಕಡೆಯ ಶಾಲೆ ಮಕ್ಕಳು ಜೂನ್ ಬಂತೆಂದರೆ ಕಪ್ಪು ಬೂಟು ಒಳಗಿಟ್ಟು ಪ್ಲಾಸ್ಟಿಕ್ ಸ್ಯಾಂಡಲ್ ಹಾಕುತ್ತಾರಲ್ಲ, ಅದರ ಹಿಂದಿನ ಬುದ್ಧಿಯೂ ಇದೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಕಾಲು ಒಣಗಿಸಿಕೊಂಡು ಹೋಗುತ್ತೇನೆ ಎಂದು ಯಾರೂ ಹಟ ಹಿಡಿದದ್ದಿಲ್ಲ.

ಹವಾಯಿ ಚಪ್ಪಲಿ ಅಥವಾ ಕ್ರಾಕ್ಸ್ ಹಾಕಿದರೆ ಏನಾಗುತ್ತದೆ?

ಅಂಗಡಿಯಿಂದ ಹಾಲು ತರಲು ತೊಂದರೆಯಿಲ್ಲ. ಹತ್ತು ಕಿಲೋಮೀಟರಿಗೆ ಬೇಡ. ಹವಾಯಿ ಚಪ್ಪಲಿ ಒದ್ದೆಯಾದರೆ ಪಾದವೇ ಅದರ ಮೇಲೆ ಜಾರುತ್ತದೆ, ಬ್ರೇಕ್ ಹಾಕಿ ಕಾಲು ಕೊಡುವಾಗ ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ಕ್ರಾಕ್ಸ್‌ನ ಅಡಿ ತೀರಾ ಮೆತ್ತಗೆ. ದೂರ ತುಳಿದರೆ ಪೆಡಲ್ ಅಂಗಾಲಿಗೆ ಒತ್ತಿ ಉರಿ ಶುರುವಾಗುತ್ತದೆ.

ಕ್ಲೀಟ್ ಇರುವ ಶೂ ಮಳೆಯಲ್ಲಿ ಅಪಾಯವಲ್ಲವೇ?

ಯಾವ ಕ್ಲೀಟ್ ಎನ್ನುವುದರ ಮೇಲೆ ಹೋಗುತ್ತದೆ. ಮೂರು ಬೋಲ್ಟಿನ ರೋಡ್ ಕ್ಲೀಟ್ ಎಂದರೆ ಶೂ ಅಡಿಯಿಂದ ಹೊರಗೆ ಚಾಚಿರುವ ಪ್ಲಾಸ್ಟಿಕ್ ತುಂಡು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಇದನ್ನು ತಂದಿತು, ಮರುವರ್ಷ ಬರ್ನಾರ್ಡ್ ಇನೋ ಎಂಬ ಸವಾರ ಇದರಲ್ಲೇ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದರು. ರೇಸಿಗೆ ಅದ್ಭುತ. ಆದರೆ ಮಳೆಗಾಲದ ನಮ್ಮ ಅಂಗಳದಲ್ಲಿ ಅದನ್ನು ಹಾಕಿ ಎರಡು ಹೆಜ್ಜೆ ನಡೆದು ನೋಡಿ! ಮುರಕಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ, ಜಗಲಿಗೆ ನುಣುಪಾದ ಟೈಲ್ಸ್. ನಾನು ಬಿದ್ದದ್ದು ರಸ್ತೆಯಲ್ಲಲ್ಲ, ಮನೆ ಬಾಗಿಲಲ್ಲಿ, ಸೈಕಲ್ ಹಿಡಿದುಕೊಂಡು ನಿಂತಲ್ಲೇ.

ಎರಡು ಬೋಲ್ಟಿನ, ಎಸ್‌ಪಿಡಿ ಎಂಬ ಕ್ಲೀಟ್ ಬೇರೆ. 1990ರಲ್ಲಿ ಬಂದದ್ದು, ಮೂಲತಃ ಕೆಸರಿನ ಸವಾರಿಗೆಂದೇ ಮಾಡಿದ್ದು. ಚಿಕ್ಕ ಲೋಹದ ಕ್ಲೀಟ್, ರಬ್ಬರ್ ಅಡಿಯ ಗುಂಡಿಯೊಳಗೆ ಅಡಗಿರುತ್ತದೆ. ನಡೆಯುವಾಗ ನೆಲಕ್ಕೆ ತಾಗುವುದು ರಬ್ಬರ್ ಮಾತ್ರ. ಕೆಸರು ಮೆತ್ತಿದರೂ ಕ್ಲಿಕ್ ಆಗುತ್ತದೆ, ಬಿಡಿಸುವುದೂ ಸುಲಭ. ಚಳಿ ದೇಶದ ವಿಂಟರ್ ಶೂಗಳಲ್ಲಿ ಹೆಚ್ಚಿನವು ಎರಡು ಬೋಲ್ಟಿನವು ಆಗಿರುವುದಕ್ಕೂ ಇದೇ ಕಾರಣ.

ಇನ್ನೊಂದು ವಿಷಯ, ಕಡಲ ಬದಿಯವರಿಗೆ ಮಾತ್ರ. ಉಪ್ಪು ಗಾಳಿಗೆ ಕ್ಲೀಟಿನ ಬೋಲ್ಟ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಕೂರಿಸುವಾಗಲೇ ಬೋಲ್ಟಿನ ಥ್ರೆಡ್ಡಿಗೆ ಚೂರು ಗ್ರೀಸ್ ಹಚ್ಚಿ. ಎಸ್‌ಪಿಡಿಗೆ ಬಿಗಿತ 5ರಿಂದ 6 ನ್ಯೂಟನ್ ಮೀಟರ್ ಸಾಕು. ವರ್ಷಕ್ಕೆ ಎರಡು ಸಲವಾದರೂ ಬಿಚ್ಚಿ ಮತ್ತೆ ಹಾಕಿ. ಮಲ್ಪೆ, ಕಾಪು, ತಣ್ಣೀರುಬಾವಿ ಕಡೆ ಮರಳಲ್ಲಿ ಓಡಿಸಿ ಬಂದರೆ ಅದೇ ದಿನ ಬಾವಿ ನೀರಲ್ಲಿ ಶೂ ತೊಳೆಯಿರಿ. ನಾಳೆ ನೋಡೋಣ ಎಂದರೆ ಅಲೆನ್ ಕೀ ಕೂರುವ ಗುಂಡಿಯೇ ಸವೆದು ಹೋಗಿ, ಆಮೇಲೆ ಡ್ರಿಲ್ಲಿನಲ್ಲಿ ಕೊರೆದು ತೆಗೆಯಬೇಕಾಗುತ್ತದೆ.

ಶೂ ಮೇಲೆ ಹಾಕುವ ಕವರ್ ಪ್ರಯೋಜನಕ್ಕೆ ಬರುತ್ತದೆಯೇ?

ಮಂಗಳೂರು ಪೇಟೆಯೊಳಗೆ, ಇಲ್ಲ. ಸೆಕೆ. ಘಾಟಿಯ ಇಳಿಜಾರಿಗೆ, ಊಟಿಗೆ, ಹಿಮಾಲಯಕ್ಕೆ, ಹೌದು. ನಿಯೋಪ್ರೀನ್ ಕವರ್ ಕಾಲನ್ನು ಒಣಗಿಸಿಡುತ್ತದೆ ಎಂದು ತಿಳಿಯಬೇಡಿ. ಅದರ ರಬ್ಬರಿನಲ್ಲಿ ಸಾವಿರಾರು ಮುಚ್ಚಿದ ಗಾಳಿಗುಳ್ಳೆಗಳಿವೆ, ಅವು ಶಾಖ ಹಿಡಿದಿಡುತ್ತವೆ. ಒಳಗೆ ನೀರು ಹೊಕ್ಕರೂ ಆ ನೀರು ಮೈ ಬಿಸಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಕಡಲಲ್ಲಿ ಡೈವಿಂಗ್ ಮಾಡುವವರ ಉಡುಪಿನ ಗುಟ್ಟೂ ಅದೇ. 3ರಿಂದ 5 ಮಿಲಿಮೀಟರ್ ದಪ್ಪದವು ಸಿಗುತ್ತವೆ.

ಕೊಳ್ಳುವಾಗ ಜಿಪ್ ನೋಡಿ, ಮೊದಲು ಹಾಳಾಗುವುದು ಅದೇ. ಅಡಿಯಲ್ಲಿ ಕ್ಲೀಟ್ ಮತ್ತು ಹಿಮ್ಮಡಿಗೆ ಬಿಟ್ಟ ತೂತಿನ ಅಂಚೂ ನಡೆದಾಡಿದರೆ ಹರಿಯುತ್ತದೆ.

ಶೂ ಬದಲಿಸದೆ ಕಾಲು ಕಡಿಮೆ ಒದ್ದೆಯಾಗಲು ಏನಾದರೂ ಉಪಾಯ?

ಇದೆ, ಕಡಿಮೆ ಖರ್ಚಿನಲ್ಲಿ. ಮಡ್‌ಗಾರ್ಡ್. ಮಳೆಯಲ್ಲಿ ನಿಮ್ಮ ಶೂಗೆ ಬೀಳುವ ನೀರಿನಲ್ಲಿ ಆಕಾಶದ್ದು ಸ್ವಲ್ಪ, ಮುಂದಿನ ಚಕ್ರ ಎರಚುವುದು ಜಾಸ್ತಿ. ಆ ನೀರಿನ ಜೊತೆ ಮರಳು, ಎಣ್ಣೆ, ಸೆಗಣಿ, ಎಲ್ಲವೂ ಉಚಿತ. ಅಜ್ಜಂದಿರ ಕಾಲದ ಕಪ್ಪು ಸೈಕಲ್ ನೆನಪಿದೆಯಾ? ಮುಂದಿನ ಮಡ್‌ಗಾರ್ಡಿನ ತುದಿಗೆ ಒಂದು ರಬ್ಬರ್ ನಾಲಿಗೆ ನೇತಾಡುತ್ತಿತ್ತು. ಅದು ಅಲಂಕಾರಕ್ಕಲ್ಲ. ಈಗಿನ ಸೈಕಲ್‌ಗಳಲ್ಲಿ ಮಡ್‌ಗಾರ್ಡೇ ಇಲ್ಲ, ಇದ್ದರೂ ಗೇಣುದ್ದದ ಪ್ಲಾಸ್ಟಿಕ್.

ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸಿ, ಹಳೆ ಟ್ಯೂಬಿನ ತುಂಡನ್ನೋ ದಪ್ಪ ಪ್ಲಾಸ್ಟಿಕ್ ಬಾಟಲಿಯ ಪಟ್ಟಿಯನ್ನೋ ತುದಿಗೆ ಸೇರಿಸಿ, ನೆಲಕ್ಕೆ ನಾಲ್ಕು ಬೆರಳು ಉಳಿಯುವಷ್ಟು ಇಳಿಬಿಡಿ. ಮಡ್‌ಗಾರ್ಡ್ ಈಗಾಗಲೇ ಇದ್ದವರಿಗೆ ಖರ್ಚು ಸೊನ್ನೆ. ನನ್ನ ಶೂ ಆಯುಷ್ಯ ಹೆಚ್ಚಿಸಿದ್ದು ಯಾವ ಪೊರೆಯೂ ಅಲ್ಲ, ಈ ಟ್ಯೂಬಿನ ತುಂಡು.

ಆಗುಂಬೆ ಹತ್ತಿ ಇಳಿಯುವಾಗ ಬೆರಳು ಮರಗಟ್ಟುತ್ತದೆ. ನಮ್ಮ ಊರಲ್ಲೂ ಚಳಿ ಶೂ ಬೇಕಾ?

ಶೂ ಬೇಡ, ಸಿದ್ಧತೆ ಬೇಕು. ಉಡುಪಿಯಿಂದ ಹಿರಿಯಡ್ಕ, ಹೆಬ್ರಿ ದಾಟಿ ಸೋಮೇಶ್ವರದವರೆಗೆ ಸೆಕೆ. ಅಲ್ಲಿಂದ 14 ತಿರುವು ಹತ್ತುವಾಗ ಬೆವರು ಕಿತ್ತುಕೊಂಡು ಬರುತ್ತದೆ. ಮೇಲೆ ಹೋಗಿ ಮಂಜಿನಲ್ಲಿ ನಿಂತು ಚಾ ಕುಡಿಯುತ್ತೀರಿ. ಆಮೇಲೆ ಇಳಿಜಾರು. ಕಾಲು ತುಳಿಯುವುದಿಲ್ಲ, ರಕ್ತ ಓಡುವುದಿಲ್ಲ, ಸಾಕ್ಸ್ ಒದ್ದೆ, ಗಾಳಿ ಎದುರಿಗೆ. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಬಿಸಿ ಸುಮಾರು 6 ಡಿಗ್ರಿ ಇಳಿಯುತ್ತದೆ, ಆಗುಂಬೆಯ ಎತ್ತರಕ್ಕೆ ಲೆಕ್ಕ ಹಾಕಿದರೆ ನಾಲ್ಕು ಡಿಗ್ರಿ ಅಷ್ಟೇ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಬೆರಳಿಗೆ ಚಳಿ ಹತ್ತುವುದು ನಾಲ್ಕು ಡಿಗ್ರಿಯಿಂದಲ್ಲ, ಒದ್ದೆಯಿಂದ.

ನಾನು ಮಾಡುವುದು ಇಷ್ಟು. ಒಂದು ಜೊತೆ ಒಣ ಸಾಕ್ಸ್, ಎರಡು ಪ್ಲಾಸ್ಟಿಕ್ ಚೀಲ. ಮೇಲೆ ಹೋದ ಮೇಲೆ ಒದ್ದೆ ಸಾಕ್ಸ್ ತೆಗೆದು, ಕಾಲು ಒರೆಸಿ, ಒಣ ಸಾಕ್ಸ್ ಹಾಕಿ, ಅದರ ಮೇಲೆ ಚೀಲ, ಅದರ ಮೇಲೆ ಒದ್ದೆ ಶೂ. ಇಳಿಯುವಷ್ಟು ಹೊತ್ತು ಕಾಲು ಬೆಚ್ಚಗೆ. ಕೆಳಗೆ ಸೆಕೆ ಶುರುವಾದಾಗ ತೆಗೆದರಾಯಿತು. ಚಾರ್ಮಾಡಿಗೂ, ಬಜಗೋಳಿಯಿಂದ ಎಸ್.ಕೆ. ಬಾರ್ಡರ್ ದಾಟಿ ಕುದುರೆಮುಖಕ್ಕೆ ಹೋಗುವ ದಾರಿಗೂ ಇದೇ. ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಜುಲೈ ಗಾಳಿಗೆ ಶೂ ಕವರ್ ಇದ್ದರೆ ಒಳ್ಳೆಯದು.

ಹಾಂ, ಇಂಬಳ. ಆಗುಂಬೆಯಲ್ಲಿ ರಸ್ತೆ ಬದಿ ಹುಲ್ಲಿಗೆ ಕಾಲಿಟ್ಟರೆ ಶೂ ಒಳಗೆ ಅತಿಥಿಗಳು ಬರುತ್ತಾರೆ. ಸುಣ್ಣ, ಹೊಗೆಸೊಪ್ಪು ಸಾಕ್ಸಿಗೆ ಸವರಿಕೊಳ್ಳುವವರಿದ್ದಾರೆ. ನಾನು ರಸ್ತೆ ಬಿಟ್ಟು ಇಳಿಯುವುದೇ ಇಲ್ಲ.

ಹಾಗಾದರೆ ನಿಜವಾದ ವಿಂಟರ್ ಶೂ ಯಾರಿಗೆ ಬೇಕು?

ತಿಂಗಳುಗಟ್ಟಲೆ 10 ಡಿಗ್ರಿಗಿಂತ ಕೆಳಗೆ, ಮಳೆಯಲ್ಲಿ ಅಥವಾ ಕರಗುವ ಹಿಮದಲ್ಲಿ ದಿನಾ ತುಳಿಯುವವರಿಗೆ. ಅಂದರೆ ಯುರೋಪ್, ಕೆನಡಾ ಕಡೆ ಇರುವ ನಮ್ಮ ಮಕ್ಕಳಿಗೆ. ಅಲ್ಲಿ ಅದು ಶೋಕಿಯಲ್ಲ. ಹಿಮವೇ ಬೀಳಬೇಕೆಂದಿಲ್ಲ, 15 ಡಿಗ್ರಿಯಲ್ಲೂ ಗಂಟೆಗಟ್ಟಲೆ ಒದ್ದೆಯಲ್ಲಿ ಬಿಗಿದ ಪಾದದ ಚರ್ಮ, ನರಗಳಿಗೆ ಪೆಟ್ಟಾಗಬಹುದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ಕಾಲು ಕೊಳೆತದ್ದು ಹೀಗೆ.

ವರ್ಷಕ್ಕೊಮ್ಮೆ ನಾಲ್ಕು ದಿನ ಊಟಿಗೆ ಹೋಗುವವರು ದುಡ್ಡು ಹಾಕಬೇಡಿ. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಹೊರಟ ಬ್ರೆವೆ (ಗೊತ್ತಾದ ಗಡುವಿನೊಳಗೆ ಮುಗಿಸುವ ದೂರದ ಸವಾರಿ) ಸವಾರರೂ ಕೇಳುತ್ತಾರೆ: 1,200 ಕಿಲೋಮೀಟರ್, 90 ಗಂಟೆ, ನಾಲ್ಕು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ. ಬೇಸಿಗೆಯಾದರೂ ಅಲ್ಲಿನ ರಾತ್ರಿ ನಮಗೆ ಗಡಗಡ. ಆದರೂ ವಿಂಟರ್ ಶೂ ಹಾಕಿದರೆ ಹಗಲಲ್ಲಿ ಬೇಯುತ್ತೀರಿ. ನಿಮ್ಮದೇ ಶೂ, ಒಳ್ಳೆಯ ಉಣ್ಣೆ ಸಾಕ್ಸ್, ಚೀಲದಲ್ಲಿ ಕವರ್ ಇದ್ದರೆ ಆಯಿತು.

ಮಗನಿಗೆ ವಿಂಟರ್ ಶೂ ತೆಗೆಯಬೇಕು. ಏನೇನು ನೋಡಬೇಕು?

ಮೊದಲನೆಯದಾಗಿ, ಇಲ್ಲಿಂದ ತೆಗೆದು ಕಳಿಸಬೇಡಿ. ಅವನು ಅಲ್ಲೇ ಹಾಕಿ ನೋಡಿ ತೆಗೆದುಕೊಳ್ಳಲಿ. ನೀವು ದುಡ್ಡು ಕೊಡಿ. ಶಿಮಾನೋ, ನಾರ್ತ್‌ವೇವ್, ಲೇಕ್ ಈ ಕೆಲಸಕ್ಕೆ ಹೆಸರಾದವು. ಹಿಮದಲ್ಲೇ ಓಡಿಸುವವರಿಗೆ ಅಮೆರಿಕದ 45ನಾರ್ತ್ ಇದೆ. ನಮ್ಮ ದುಡ್ಡಿನಲ್ಲಿ 15,000 ರೂಪಾಯಿಯಿಂದ ಮೇಲಕ್ಕೆ ಲೆಕ್ಕ ಹಾಕಿ.

ಅವನಿಗೆ ಹೇಳಬೇಕಾದ್ದು ಮುಖ್ಯವಾಗಿ ಶೂವಿನ ಕುತ್ತಿಗೆ ಬಗ್ಗೆ. ಎಷ್ಟೇ ಒಳ್ಳೆಯ ಪೊರೆ ಇರಲಿ, ಕಾಲು ತೂರಿಸುವ ಬಾಯಿ ತೆರೆದೇ ಇರುತ್ತದೆ. ನೀರು ಬರುವುದು ಅಲ್ಲಿಂದ. ಕಣಕಾಲಿಗೆ ಅಂಟಿ ಕೂರುವ ನಿಯೋಪ್ರೀನ್ ಪಟ್ಟಿ ಇರಬೇಕು, ಮಳೆ ಪ್ಯಾಂಟಿನ ಅಂಚು ಆ ಪಟ್ಟಿಯ ಹೊರಗೆ ಇಳಿಬಿದ್ದಿರಬೇಕು. ಪ್ಯಾಂಟನ್ನು ಶೂ ಒಳಗೆ ತುರುಕಿದರೆ ನಾವೇ ಓಣಿ ಕಡಿದು ನೀರು ಬಿಟ್ಟಂತೆ. ಮನೆಯ ಮಾಡಿಗೆ ಹಂಚು ಹೊದೆಸುವವರು ಮೇಲಿನ ಹಂಚನ್ನು ಕೆಳಗಿನದರ ಮೇಲೆ ಬರುವಂತೆ ಇಡುತ್ತಾರಲ್ಲ, ಹಾಗೆ.

ಎರಡನೆಯದು ಅಡಿ. ಬೇಸಿಗೆ ಶೂವಿನ ಅಡಿಯಲ್ಲಿ ಗಾಳಿ ತೂತು ಇರುತ್ತದೆ, ಚಳಿ ಶೂನಲ್ಲಿ ಇರಬಾರದು. ಕ್ಲೀಟ್ ಕೂರಿಸುವ ತೂತಿನಿಂದಲೂ ನೀರು ಜಿನುಗುತ್ತದೆ. ಒಳಗಿನ ಹಾಸು ಎತ್ತಿ ಆ ತೂತಿನ ಮೇಲೆ ಗಟ್ಟಿ ಟೇಪ್ ಅಂಟಿಸಬೇಕು. ಲೋಹದ ಕ್ಲೀಟ್ ಪಾದದ ಬಿಸಿಯನ್ನೂ ಹೀರಿ ಹೊರಗೆ ಬಿಡುತ್ತದೆ, ಹಾಗಾಗಿ ಉಣ್ಣೆಯದೋ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೋ ಒಂದು ಒಳಹಾಸು ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬಿಗಿಯುವ ವ್ಯವಸ್ಥೆ? ಲೇಸ್ ಒದ್ದೆಯಾದರೆ ಗಂಟು ಬಿಚ್ಚುವುದು ಕಷ್ಟ, ಹಿಮವಾದರೆ ಇನ್ನೂ ಕಷ್ಟ. ತಿರುಗಿಸುವ ಡಯಲ್ ಇದ್ದರೆ ಗ್ಲೋವ್ಸ್ ಹಾಕಿಕೊಂಡೇ ಸಡಿಲಿಸಬಹುದು. ಅಡಿಯಲ್ಲಿ ಒಳ್ಳೆಯ ಹಿಡಿತ, ಹಿಮ್ಮಡಿಯಲ್ಲಿ ಹೊಳೆಯುವ ಪಟ್ಟಿ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಪೆಟ್ಟಿಗೆ ಮೇಲೆ ಬರೆದ "ಇಷ್ಟು ಡಿಗ್ರಿವರೆಗೆ" ಎಂಬ ಅಂಕಿಗೆ ಐದು ಡಿಗ್ರಿ ಕೂಡಿಸಿ ಓದಿ. ಅಲ್ಲಿ ಹುಟ್ಟಿದವರ ಕಾಲಿಗೂ ಕರಾವಳಿಯಲ್ಲಿ ಬೆಳೆದ ಕಾಲಿಗೂ ಅಷ್ಟಾದರೂ ಅಂತರ ಇದೆ.

ಅಳತೆ ಎಷ್ಟು ದೊಡ್ಡದು ತೆಗೆಯಬೇಕು?

ಇದರಲ್ಲೇ ಹೆಚ್ಚಿನವರು ಎಡವುವುದು. ದಪ್ಪ ಸಾಕ್ಸ್ ಹಾಕಿದರೆ ಬೆಚ್ಚಗೆ ಎಂದು ಮಾಮೂಲಿ ಅಳತೆಯ ಶೂನಲ್ಲಿ ಎರಡು ಸಾಕ್ಸ್ ತುರುಕುತ್ತಾರೆ. ಶೂ ಬಿಗಿಯಾಗಿ ರಕ್ತದ ಓಟ ನಿಲ್ಲುತ್ತದೆ, ಬೆರಳು ಮೊದಲಿಗಿಂತ ಬೇಗ ಮರಗಟ್ಟುತ್ತದೆ. ಬೆಚ್ಚಗಿಡುವುದು ಸಾಕ್ಸಿನ ದಾರವಲ್ಲ, ನಡುವೆ ನಿಂತ ಗಾಳಿ. ಆ ಗಾಳಿಗೆ ಜಾಗ ಬೇಕು.

ಯುರೋಪಿನ ಅಳತೆಯಲ್ಲಿ 42ಕ್ಕೂ 43ಕ್ಕೂ 6.7 ಮಿಲಿಮೀಟರ್ ಅಂತರ. ಚಳಿ ಶೂ ಅರ್ಧ ಅಥವಾ ಒಂದು ಅಳತೆ ದೊಡ್ಡದಿರಲಿ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಹಾಕುವ ಸಾಕ್ಸನ್ನೇ ಹಾಕಿ ನೋಡಿ. ಒಳಗೆ ಐದೂ ಬೆರಳು ಆಡಿಸಲು ಬರಬೇಕು. ಹಿಮ್ಮಡಿ ಮಾತ್ರ ಏಳಬಾರದು. ನಮ್ಮಲ್ಲಿ ಬಾಲ್ಯ ಪೂರಾ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಕಳೆದವರ ಪಾದ ಮುಂದೆ ಅಗಲವಾಗಿರುತ್ತದೆ. ಕೆಲವು ಇಟಲಿಯ ಶೂಗಳು ಅಂಥವರಿಗೆ ಉದ್ದ ಸರಿಯಾದರೂ ಅಗಲದಲ್ಲಿ ಕಚ್ಚುತ್ತವೆ.

ಮಂಗಳೂರಿನ ಮಳೆ ಶೂಗೆ ಈ ಲೆಕ್ಕ ಬೇಡ. ಸರಿಯಾದ ಅಳತೆಯೇ ಇರಲಿ, ದೊಡ್ಡದಾದರೆ ಒದ್ದೆ ಕಾಲು ಒಳಗೆ ಜಾರಿ ಗುಳ್ಳೆ ಏಳುತ್ತದೆ.

ಸಾಕ್ಸ್ ಯಾವುದು?

ಹತ್ತಿ ಬೇಡ. ಎಲ್ಲೂ ಬೇಡ. ನೀರು ಕುಡಿದು ಕೂರುತ್ತದೆ. ಇಲ್ಲಿಗೆ ತೆಳ್ಳಗಿನ ಪಾಲಿಯೆಸ್ಟರ್ ಅಥವಾ ಸ್ಯಾಂಡಲಿನಲ್ಲಿ ಬರಿಗಾಲು. ಚಳಿಗೆ ಮೆರಿನೋ ಉಣ್ಣೆ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ವಾಸನೆಯೂ ಕಡಿಮೆ, ಮನೆಯವರಿಗೆ ಅದು ದೊಡ್ಡ ಲಾಭ.

ಮನಾಲಿ–ಲೇಹ್ ಸೈಕಲ್ ಯಾತ್ರೆಗೆ?

ಅಲ್ಲಿ ಚಳಿಗಿಂತ ಮೊದಲು ನಾಲಾಗಳ ಬಗ್ಗೆ ಯೋಚಿಸಿ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುತ್ತದೆ. ಮಧ್ಯಾಹ್ನದ ಮೇಲೆ ನೀರು ಜಾಸ್ತಿ. ಆ ನೀರಿನಲ್ಲಿ ಶೂ ಒದ್ದೆ ಮಾಡಿಕೊಂಡು ತಗ್ಲಂಗ್ ಲಾ ಘಾಟಿ ಹತ್ತಲು ಹೊರಟರೆ, 5,300 ಮೀಟರಿನ ಆಸುಪಾಸಿನಲ್ಲಿ, ಕಾಲು ನಿಮ್ಮದು ಎಂದೇ ಅನಿಸುವುದಿಲ್ಲ. ಹಾಗಾಗಿ ಬೆಳಗ್ಗೆ ಬೇಗ ದಾಟಿ. ಶೂ ಬಿಚ್ಚಿ ಕುತ್ತಿಗೆಗೆ ನೇತುಹಾಕಿ, ಸ್ಯಾಂಡಲ್ ಹಾಕಿ ದಾಟಿ. ಬರಿಗಾಲು ಬೇಡ, ಕೆಳಗೆ ಚೂಪು ಕಲ್ಲು.

ನಾನು ಹೋದದ್ದು ಎರಡು ಬೋಲ್ಟಿನ ಮಾಮೂಲಿ ಶೂ, 4 ಮಿಲಿಮೀಟರಿನ ನಿಯೋಪ್ರೀನ್ ಕವರ್, ಎರಡು ಜೊತೆ ಉಣ್ಣೆ ಸಾಕ್ಸ್ ಮತ್ತು ಮಲ್ಪೆಯಲ್ಲಿ ಹಾಕುವ ಅದೇ ಹಳೆ ಸ್ಯಾಂಡಲಿನಲ್ಲಿ. ಅಲ್ಲಿ ಎತ್ತರಕ್ಕೆ ಉಸಿರು ಸಿಗದೆ ಎಷ್ಟೋ ದೂರ ಸೈಕಲ್ ತಳ್ಳಬೇಕಾಗುತ್ತದೆ. ನಡೆಯಲು ಬಾರದ ಶೂ ಅಲ್ಲಿಗೆ ಬೇಡವೇ ಬೇಡ.

ಒದ್ದೆ ಶೂ ಒಣಗಿಸುವುದು ಹೇಗೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಇಲ್ಲ.

ಮೊದಲು ಮಾಡಬಾರದ್ದು ಹೇಳುತ್ತೇನೆ. ಬಚ್ಚಲು ಒಲೆ. ನಮ್ಮ ಹಳೆ ಮನೆಗಳಲ್ಲಿ ಮಳೆಗಾಲದ ಬಟ್ಟೆ ಒಣಗುವುದೇ ಅದರ ಮೇಲಿನ ಹಗ್ಗದಲ್ಲಿ. ಶೂ ಕೂಡ ಹತ್ತಿರ ಇಟ್ಟರೆ ಬೆಳಗ್ಗೆಗೆ ಒಣಗಿರುತ್ತದೆ, ನಿಜ. ಆದರೆ ಅಡಿ ಅಂಟಿಸಿದ ಗಮ್ ಬಿಸಿಗೆ ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಂದು ಸಲ ನನ್ನ ಶೂವಿನ ಮೂತಿ ಮೊಸಳೆ ಬಾಯಿ ಬಿಟ್ಟ ಹಾಗೆ ತೆರೆದುಕೊಂಡಿತ್ತು. ಹೊಗೆ ವಾಸನೆ ಬೇರೆ, ಆಫೀಸಿನಲ್ಲಿ ಎಲ್ಲರೂ ಎಲ್ಲೋ ಏನೋ ಸುಡುತ್ತಿದೆ ಎಂದು ಹುಡುಕಿದರು.

ಸರಿಯಾದ ಕ್ರಮ ಹಳೇ ಪೇಪರ್. ಬಂದ ಕೂಡಲೇ ಒಳಹಾಸು ಹೊರತೆಗೆಯಿರಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ, ಯಾಕೆಂದರೆ ಅರ್ಧ ನೀರು ಅದರಲ್ಲೇ ಇರುತ್ತದೆ. ಪೇಪರ್ ಉಂಡೆ ಮಾಡಿ ಬೆರಳಿನ ತುದಿವರೆಗೆ ತುಂಬಿ. ಅರ್ಧ ಗಂಟೆಯಲ್ಲಿ ಅದು ಒದ್ದೆ ಮುದ್ದೆ. ತೆಗೆದು ಹೊಸದು ತುಂಬಿ. ಮಲಗುವ ಮೊದಲು ಇನ್ನೊಮ್ಮೆ. ಆಮೇಲೆ ಪೇಪರ್ ತೆಗೆದು, ಶೂ ಬಾಯಿ ಫ್ಯಾನಿನ ಕಡೆ ತಿರುಗಿಸಿ ಓರೆಯಾಗಿ ಇಡಿ. ಟೇಬಲ್ ಫ್ಯಾನ್ ಇದ್ದರೆ ರಾತ್ರಿಯೊಳಗೆ ಜಾಳಿಗೆ ಶೂ ಒಣಗುತ್ತದೆ. ಹಿಂದಿನ ಕಾಲದ ಫ್ರಿಜ್‌ಗಳ ಹಿಂಬದಿ ಬೆಚ್ಚಗಿರುತ್ತದೆ, ಆ ಜಾಗವೂ ಒಳ್ಳೆಯದು. ಕರೆಂಟ್ ಹೋದರೆ? ಎರಡನೇ ಜೊತೆ. ಮಳೆಗಾಲದಲ್ಲಿ ದಿನಾ ತುಳಿಯುವವರು ಒಂದು ದುಬಾರಿ ಶೂ ಬದಲು ಎರಡು ಅಗ್ಗದ ಶೂ ಇಟ್ಟುಕೊಳ್ಳುವುದೇ ಜಾಣತನ.

ಶೂಗೆ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಹಾಕಿ ಇಡಬಹುದಾ?

ಬೂಷ್ಟಿಗೆ ಒರೆಸಿ, ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿದರೆ ಆಯಿತು. ಪೆಟ್ಟಿಗೆ ಬಗ್ಗೆ ನನಗೊಂದು ನೋವಿನ ಕಥೆ ಇದೆ.

ತಂಗಿ ತಂದ ಜರ್ಮನಿ ಶೂ ಹೇಳಿದೆನಲ್ಲ. ಅಂದಿನ ಅವಾಂತರದ ಮೇಲೆ ಅದನ್ನು ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು ಕಪಾಟಿನ ಮೇಲೆ ಇಟ್ಟೆ. ಲೇಹ್‌ಗೆ ಬೇಕಾಗುತ್ತದೆ ಎಂದು. ಐದು ವರ್ಷ ಬಿಟ್ಟು ಹೊರಡುವ ವಾರ ತೆಗೆದರೆ ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದೆ. ಹಾಕಿ ನಾಲ್ಕು ಹೆಜ್ಜೆ ಇಟ್ಟೆ, ಅಡಿ ಹಳೆ ಕೊಬ್ಬರಿ ಮಿಠಾಯಿಯಂತೆ ಪುಡಿಪುಡಿಯಾಗಿ ಜಗಲಿ ತುಂಬ ಉದುರಿತು.

ಕಾರಣ ಆಮೇಲೆ ತಿಳಿಯಿತು. ಕೆಲವು ಶೂಗಳ ಅಡಿಯ ಮೆತ್ತೆ ಪಾಲಿಯುರಿಥೇನ್ ಎಂಬ ನೊರೆಯದು. ಗಾಳಿಯ ತೇವ ನಿಧಾನಕ್ಕೆ ಅದರ ಕೊಂಡಿಗಳನ್ನು ಕಡಿಯುತ್ತದೆ. ಬಿಸಿ, ತೇವ ಎರಡೂ ಇರುವ ನಮ್ಮ ಕಡೆ ಈ ಕೆಲಸ ಬೇಗ ಆಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ತೇವ ಒಳಗೇ ಸಿಕ್ಕಿ ಇನ್ನೂ ಬೇಗ. ಹಾಕಿ ಓಡಾಡುತ್ತಿದ್ದರೆ ಶೂ ಹೆಚ್ಚು ಬಾಳುತ್ತದೆ. ಗಾಳಿಯಾಡುವ ಬಟ್ಟೆ ಚೀಲದಲ್ಲಿ, ತೆರೆದ ಜಾಗದಲ್ಲಿ ಇಡಿ. ಶೂ ಡಬ್ಬದೊಳಗೆ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜುಲೈ–ಆಗಸ್ಟಿನ ನಮ್ಮ ಆಟಿ ತಿಂಗಳ ತೇವಕ್ಕೆ ಎರಡು ದಿನವೂ ಸಾಲದು.

ತಂಗಿಗೆ ಇದನ್ನು ಇನ್ನೂ ಹೇಳಿಲ್ಲ.

ಕಾಲ್ಬೆರಳ ಸಂದಿ ಬೆಳ್ಳಗಾಗಿ ತುರಿಸುತ್ತದೆ. ಶೂ ತಪ್ಪಾ?

ಕೆಸರುಹುಣ್ಣು. ಗದ್ದೆ ನೇಜಿ ನೆಡುವವರಿಗೆ ಗೊತ್ತಿರುವ ಕಾಟ. ದಿನವಿಡೀ ಒದ್ದೆ ಶೂನಲ್ಲಿ ಇರುವವರಿಗೂ ಬರುತ್ತದೆ. ಕೆಲಸದ ಜಾಗ ತಲುಪಿದ ಕೂಡಲೇ ಕಾಲು ತೊಳೆದು, ಸಂದಿ ಸಂದಿ ಒರೆಸಿ, ಒಣ ಚಪ್ಪಲಿ ಹಾಕಿ. ಒದ್ದೆ ಸಾಕ್ಸಿನಲ್ಲಿ ಸಂಜೆವರೆಗೆ ಕೂರಬೇಡಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ಶಿಲೀಂಧ್ರದ ಮುಲಾಮು ಕೊಡುತ್ತಾರೆ.

ಇದಕ್ಕಿಂತ ಮುಖ್ಯ ಇಲಿಜ್ವರ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಕಾಯಿಲೆ ಇದು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ, ಬಿರುಕಿನಿಂದ ಒಳಗೆ ಹೋಗುತ್ತದೆ. ಹಾಗಾಗಿ ಕಾಲಲ್ಲಿ ಗಾಯ ಇದ್ದಾಗ ನಿಂತ ನೀರಿನಲ್ಲಿ ಸ್ಯಾಂಡಲ್ ಹಾಕಿ ಇಳಿಯಬೇಡಿ. ನೀರು ತುಂಬಿದ ರಸ್ತೆ ಬಿಟ್ಟು ಸುತ್ತಿ ಹೋಗಿ. ಸೈಕಲಿಗರಿಗೆ ಇನ್ನೊಂದು ಎಚ್ಚರ: ಜ್ವರದ ಜೊತೆ ಮೀನಖಂಡ ವಿಪರೀತ ನೋಯುವುದು ಈ ಕಾಯಿಲೆಯ ಒಂದು ಗುರುತು. ನಾವು ಅದನ್ನು ಘಾಟಿ ಹತ್ತಿದ ಸುಸ್ತು ಎಂದು ತಳ್ಳಿಹಾಕಿ ಮಲಗುತ್ತೇವೆ. ಜ್ವರ ಇದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ.

ನನ್ನ ಹತ್ತಿರ ಒಂದೇ ಜೊತೆಗೆ ದುಡ್ಡಿದೆ. ಮಣಿಪಾಲದಲ್ಲಿ ಓದುತ್ತಿದ್ದೇನೆ, ದಿನಾ ಉಡುಪಿಗೆ ಸೈಕಲ್, ಡಿಸೆಂಬರಿನಲ್ಲಿ ಊಟಿಗೆ. ಏನು ಮಾಡಲಿ?

ಎರಡು ಬೋಲ್ಟಿನ, ಜಾಳಿಗೆ ಮೇಲ್ಭಾಗದ, ರಬ್ಬರ್ ಅಡಿಯ ಶೂ. ಕ್ಲೀಟ್ ಈಗಲೇ ಬೇಡವಾದರೆ ಹಾಕಬೇಡಿ, ಚಪ್ಪಟೆ ಪೆಡಲಿನಲ್ಲೂ ನಡೆಯುತ್ತದೆ. ಉಳಿದ ದುಡ್ಡಿನಲ್ಲಿ ಒಂದು ಜೊತೆ ಮೆರಿನೋ ಸಾಕ್ಸ್. ಊಟಿಯ ಮುಂಜಾವು ಸೊನ್ನೆಯ ಹತ್ತಿರ ಹೋಗುತ್ತದೆ, ಆದರೆ ಡಿಸೆಂಬರಿನಲ್ಲಿ ಅಲ್ಲಿ ಮಳೆ ಕಡಿಮೆ. ಒಣ ಚಳಿಗೆ ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ, ಜಾಳಿಗೆಯ ಮೇಲೆ ಗಾಳಿ ನುಗ್ಗದಂತೆ ಅಗಲ ಟೇಪ್ ಸುತ್ತಿದರೆ ಸಾಕು. ಎಂಟು ಗಂಟೆಗೆ ಬಿಸಿಲು ಬಂದ ಮೇಲೆ ಕಿತ್ತು ಹಾಕಿ. ಶೂ ಕವರ್ ಯಾರಾದರೂ ಗೆಳೆಯರ ಹತ್ತಿರ ಇರುತ್ತದೆ, ಸಾಲ ಕೇಳಿ. ನನ್ನದನ್ನು ಕೇಳಬೇಡಿ, ಭಾವನ ಮಗ ತೆಗೆದುಕೊಂಡು ಹೋದವನು ಇನ್ನೂ ವಾಪಸ್ ಕೊಟ್ಟಿಲ್ಲ.